ಅತ್ತೆಯ ಮೂತ್ರದ ಬಣ್ಣ

ಆ ಬೆಳಿಗ್ಗೆ ಲ್ಯಾಟ್ರಿನ್ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ. ಬಿಳಿ ಪಿಂಗಾಣಿಯ ತಳದಲ್ಲಿ ನಿಂತಿದ್ದ ನೀರು ಕೇಸರಿ ಬಣ್ಣಕ್ಕಿತ್ತು. ಹಳದಿಯಲ್ಲ, ಕೆಂಪೂ ಅಲ್ಲ. ಕೇಸರಿಬಾತಿಗೆ ಹಾಕಲು ಬಟ್ಟಲಲ್ಲಿ ಬಣ್ಣ ಕದಡುತ್ತೇವಲ್ಲ, ಥೇಟ್ ಹಾಗೆ. ನನಗಿಂತ ಮುಂಚೆ ಒಳಗೆ ಹೋಗಿ ಬಂದಿದ್ದವರು ನಮ್ಮತ್ತೆ.

ಅದು ಬೇಸಿಗೆ. ತುಮಕೂರಿನ ಮರಳೂರು ಬಡಾವಣೆಯ ನಮ್ಮ ಬೀದಿಗೆ ನಲ್ಲಿ ನೀರು ಯಾವತ್ತು ಬರುತ್ತದೆ ಎನ್ನುವುದು ನೀರು ಬಿಡುವವನಿಗೂ ಗೊತ್ತಿರುತ್ತಿರಲಿಲ್ಲ. ಸಂಪಿನ ತಳ ಕಾಣುತ್ತಿತ್ತು. "ಒಂದಕ್ಕೆ ಹೋದರೆ ಒಂದು ಚೊಂಬು ನೀರು ಸಾಕು, ಬಕೆಟ್ ಬಗ್ಗಿಸಬೇಡಿ" ಎಂದು ಮನೆಯವರಿಗೆಲ್ಲ ನಾನೇ ಹೇಳಿದ್ದೆ. ಅತ್ತೆ ಆ ಮಾತನ್ನು ಪಾಲಿಸಿದ್ದರು. ಆದ್ದರಿಂದಲೇ ಆ ಬಣ್ಣ ನನ್ನ ಕಣ್ಣಿಗೆ ಬಿತ್ತು.

ನಾನು ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಪಾಠಕ್ಕಿಂತ ಹೆಚ್ಚಾಗಿ ಮಕ್ಕಳಿಗೆ ನೀರು ಕುಡಿಸುವುದು, ಒಂದಕ್ಕೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಆ ವರ್ಷ ಶಾಲೆಯಲ್ಲಿ ನೀರು ಕುಡಿಯುವುದಕ್ಕೆಂದೇ ಪ್ರತ್ಯೇಕವಾಗಿ ಗಂಟೆ ಹೊಡೆಯಲು ಶುರು ಮಾಡಿದ್ದರು. ಟೀಚರುಗಳ ಬಾತ್‌ರೂಮಿನ ಬಾಗಿಲಿಗೆ ಒಂದು ಚಿತ್ರವನ್ನೂ ಅಂಟಿಸಿದ್ದರು. ಮೇಲೆ ನೀರಿನಂಥ ಬಣ್ಣ, ಆಮೇಲೆ ನಿಂಬೆ ಪಾನಕದ ತಿಳಿಹಳದಿ, ಕೆಳಗಿಳಿಯುತ್ತ ಹೋದಂತೆ ಅರಿಶಿನ, ಜೇನುತುಪ್ಪ, ಕೊನೆಗೆ ಡಿಕಾಕ್ಷನ್. ತಿಳಿಹಳದಿ ಇದ್ದರೆ ಮೈಯಲ್ಲಿ ಸಾಕಷ್ಟು ನೀರಿದೆ, ಗಾಢವಾದರೆ ನೀರು ಕಡಿಮೆಯಾಗಿದೆ, ಚೆನ್ನಾಗಿ ಕುಡಿದ ಮೇಲೂ ಬಣ್ಣ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಬರೆದಿತ್ತು. ನೋಡಿ ನೋಡಿ ನನಗದು ಬಾಯಿಪಾಠವಾಗಿತ್ತು. ಮನೆಯಲ್ಲೂ ಅದನ್ನೇ ಪಾಠ ಮಾಡುತ್ತಿದ್ದೆ. ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬರುವ ಗಂಡನನ್ನು, "ಇವತ್ತು ಯಾವ ಬಣ್ಣ?" ಎಂದು ಕೇಳುತ್ತಿದ್ದೆ. ಅವರು ನಕ್ಕು, "ಟೀಚರ್ ಆಗಿರೋದು ಸಾಕು ಕಣೇ, ಇನ್ಸ್‌ಪೆಕ್ಟರ್ ಆಗ್ಬೇಡ" ಎನ್ನುತ್ತಿದ್ದರು.

ಅವರದು ಜೇನುತುಪ್ಪದ ಬಣ್ಣದಿಂದ ತಿಳಿಹಳದಿಗೆ ಇಳಿದಿತ್ತು. ಅತ್ತೆಯದು ಚಿತ್ರದಲ್ಲಿದ್ದ ಯಾವ ಬಣ್ಣಕ್ಕೂ ಹೊಂದುತ್ತಿರಲಿಲ್ಲ.

ಅತ್ತೆ ದೇವರ ಮನೆಯಲ್ಲಿದ್ದರು. ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದ ಕೂಡಲೇ ಕೇಳಿದೆ.

"ಅತ್ತೆ, ಒಂದಕ್ಕೆ ಹೋದಾಗ ಉರಿ ಏನಾದ್ರೂ ಇದೆಯಾ? ಬಣ್ಣ ಯಾಕೋ ಒಂಥರಾ ಇದೆ."

ಅವರ ಮುಖದ ಬಣ್ಣವೇ ಒಂದು ಗಳಿಗೆ ಬದಲಾಯಿತು. ಆಮೇಲೆ, "ಏನಿಲ್ಲ ಬುಡು ಕಣಮ್ಮಿ. ಬಿಸ್ಲು ನೋಡು ಹೆಂಗೈತೆ. ಉಷ್ಣ ಆಗೈತೆ" ಅಂದರು.

ಉಷ್ಣವೇ ಇರಬೇಕು ಎಂದು ನಾನೂ ನಂಬಿದೆ. ಶಾಲೆಗೆ ರಜ ಇದ್ದುದರಿಂದ ನನಗೆ ಬೇರೆ ಕೆಲಸವಿರಲಿಲ್ಲ. ಅತ್ತೆಗೆ ನೀರು ಕುಡಿಸುವುದನ್ನೇ ಕೆಲಸ ಮಾಡಿಕೊಂಡೆ. ಬೆಳಿಗ್ಗೆ ಬಾರ್ಲಿ ಗಂಜಿ, ಬಿಸಿಲೇರಿದಾಗ ಎಳನೀರು, ಊಟಕ್ಕೆ ನೀರು ಮಜ್ಜಿಗೆ, ಸಂಜೆ ಕಾಮಕಸ್ತೂರಿ ಬೀಜ ಹಾಕಿದ ಪಾನಕ. ಅತ್ತೆ ಬೇಡವೆನ್ನದೆ ಎಲ್ಲವನ್ನೂ ಕುಡಿದರು. ಯಾವುದಕ್ಕೂ ಒಂದು ಮಾತು ಆಡದೆ ಲೋಟದ ಮೇಲೆ ಲೋಟ ಕುಡಿಯುತ್ತಿದ್ದ ಅವರನ್ನು ಕಂಡು ನನಗೇ ಆಶ್ಚರ್ಯ. ಶಿವರಾತ್ರಿಗೆ ಸ್ವಲ್ಪ ಮುಂಚೆ ಗುಬ್ಬಿಯಿಂದ, ಅಂದರೆ ನನ್ನ ಗಂಡನ ಅಕ್ಕನ ಮನೆಯಿಂದ, ವಾಪಸ್ ಬಂದಾಗಿನಿಂದ ಅವರು ನನ್ನ ಜೊತೆ ಸರಿಯಾಗಿ ಮಾತೇ ಆಡಿರಲಿಲ್ಲ. ನಾನು ತೊಳೆದ ತಟ್ಟೆಯಲ್ಲಿ ಊಟ ಮಾಡುತ್ತಿರಲಿಲ್ಲ. ತಮ್ಮದೇ ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು ತಾವೇ ತೊಳೆದುಕೊಳ್ಳುತ್ತಿದ್ದರು. ಮೂರು ವರ್ಷದ ನನ್ನ ಮಗಳು ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದಳು. ಗುಬ್ಬಿಯಿಂದ ಬಂದ ದಿನವೇ, "ನಿಮ್ಮ ರೂಮಲ್ಲೇ ಮಲಗಿಸ್ಕಳಿ, ನಂಗೆ ಸರಿಯಾಗಿ ನಿದ್ದೆ ಬರಕಿಲ್ಲ" ಎಂದು ಮಗುವನ್ನು ನಮ್ಮ ಕೋಣೆಗೆ ಕಳಿಸಿದ್ದರು. ಮಗು ಅತ್ತರೂ ಬಾಗಿಲು ತೆಗೆದಿರಲಿಲ್ಲ. ನಾನೇನೋ ಅಂದುಬಿಟ್ಟಿದ್ದೇನೆ, ಅದಕ್ಕೇ ಮುನಿಸಿಕೊಂಡಿದ್ದಾರೆ ಎಂದು ನಾನು ಗಂಡನ ಬಳಿ ಎಷ್ಟೋ ಸಲ ದೂರಿದ್ದೆ.

ಅಷ್ಟು ನೀರು ಕುಡಿಸಿದರೂ ಬಣ್ಣ ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಒಂಚೂರು ತೆಳುವಾದಂತೆ ಕಂಡರೂ ಬೆಳಿಗ್ಗೆ ಮತ್ತೆ ಅದೇ ಕೇಸರಿ. ಬೀಟ್‌ರೂಟ್ ತಿಂದರೆ ಕೆಂಪಾಗುತ್ತದೆ ಎಂದು ಕೇಳಿದ್ದೆ. ಮನೆಯಲ್ಲಿ ಆ ತಿಂಗಳು ಬೀಟ್‌ರೂಟ್ ತಂದೇ ಇರಲಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆಗೆ ಗಾಢ ಹಳದಿಯಾಗುತ್ತದೆ; ನನಗೆ ತಿಳಿದಂತೆ ಅತ್ತೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಬಿಳಿ ರವಿಕೆಯ ಕಂಕುಳ ಹತ್ತಿರವೂ ಕಿತ್ತಳೆ ಛಾಯೆ ಕಂಡಿತ್ತು. ಸೀರೆಯ ಬಣ್ಣ ಬಿಟ್ಟಿರಬೇಕು ಎಂದುಕೊಂಡು ಸೋಪು ಹಾಕಿ ಉಜ್ಜಿದ್ದೆ.

ಪಕ್ಕದ ಮನೆಯಾಕೆಗೆ ಹೇಳಿದೆ. ಆಕೆ ಕಾಂಪೌಂಡಿನ ಆಚೆಯಿಂದಲೇ, "ಅಯ್ಯೋ, ಅದು ಕಾಮಾಲೆ ಕಣ್ರೀ! ನಮ್ಮ ಮಾವಂಗೂ ಹಿಂಗೇ ಆಗಿತ್ತು. ಕುಣಿಗಲ್ ಕಡೆ ಒಬ್ರು ಸೊಪ್ಪಿನ ರಸ ಕೊಡ್ತಾರೆ, ಹಾಲಲ್ಲಿ ಕುಡುದ್ರೆ ಮೂರೇ ದಿನ" ಅಂದಳು.

ಅತ್ತೆಗೆ ಈ ಮಾತು ಬಹಳ ಹಿಡಿಸಿತು. "ಅದೇ ಸರಿ ಕಣಮ್ಮಿ. ಆಸ್ಪತ್ರೆ ಗೀಸ್ಪತ್ರೆ ಬ್ಯಾಡ. ನಾಳೆನೇ ಹೋಗಿ ಬರನ" ಎಂದು ಸೀರೆ ಮಡಿಸಿ ಚೀಲಕ್ಕಿಟ್ಟುಕೊಂಡರು. ನಾನೂ ಹೊರಟಿದ್ದೆ. ಕುಣಿಗಲ್ ನನ್ನ ತವರು. ಔಷಧಿ ಕುಡಿಸಿ ಹಾಗೇ ಅಮ್ಮನನ್ನೂ ನೋಡಿ ಬರಬಹುದು ಎನ್ನುವ ಆಸೆ. ತಡೆದವರು ನನ್ನ ಗಂಡ. "ಮೊದ್ಲು ಒಂದ್ಸಲ ಬ್ಲಡ್ಡು, ಯೂರಿನ್ನು ಟೆಸ್ಟ್ ಮಾಡಿಸ್ಬಿಡು. ಕಾಮಾಲೆ ಅಂತ ಗೊತ್ತಾದ್ಮೇಲೆ ಎಲ್ಲಿಗಾದ್ರೂ ಹೋಗಿ" ಅಂದರು.

ಶಿರಾ ಗೇಟಿನ ಒಂದು ಕ್ಲಿನಿಕ್‌ಗೆ ಆಟೋದಲ್ಲಿ ಹೋದೆವು. ಮಗುವನ್ನು ಗಂಡನ ಹತ್ತಿರ ಬಿಟ್ಟಿದ್ದೆ. ದಾರಿಯುದ್ದಕ್ಕೂ ಅತ್ತೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಹೊರಗೆ ನೋಡುತ್ತ ಕೂತಿದ್ದರು. ಡಾಕ್ಟರು ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು. ಹೊಟ್ಟೆ ಒತ್ತಿದರು. "ಕಣ್ಣಲ್ಲಿ ಹಳದಿ ಇಲ್ವಲ್ಲ" ಅಂದರು. ಅಲ್ಲೇ ಪಕ್ಕದ ಲ್ಯಾಬಿನಲ್ಲಿ ಮೂತ್ರ ಕೊಟ್ಟೆವು. ರಕ್ತವನ್ನೂ ತೆಗೆದುಕೊಂಡರು. ಗಾಜಿನ ಬಾಟಲಿಯಲ್ಲಿ ಆ ಕೇಸರಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಎದುರಿಗೆ ಕೂತಿದ್ದ ಯಾರೋ ಒಬ್ಬರು ಎದ್ದು ಆಚೆ ಹೋಗಿ ಕೂತರು.

ರಿಪೋರ್ಟು ಬಂದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಮೂತ್ರದಲ್ಲಿ ರಕ್ತ ಇಲ್ಲ. ಕಾಮಾಲೆ ಅಂತ ಹೇಳೋ ಹಂಗೂ ಏನೂ ಇಲ್ಲ. ಇನ್‌ಫೆಕ್ಷನ್ನೂ ಇಲ್ಲ. ಅಜ್ಜಿ, ಮಾತ್ರೆ ಏನಾದ್ರೂ ತಗೊತಾ ಇದೀರಾ?"

"ಇಲ್ಲ" ಅಂದರು ಅತ್ತೆ.

"ಇಲ್ಲ ಡಾಕ್ಟ್ರೇ, ಬಿಪಿ ಶುಗರ್ ಏನೂ ಇಲ್ಲ ಅವ್ರಿಗೆ" ಎಂದು ನಾನೂ ದನಿಗೂಡಿಸಿದೆ.

ಡಾಕ್ಟರು ಅತ್ತೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೊಂದು ಐದು ನಿಮಿಷ ಆಚೆ ಇರ್ತೀರಾ ಅಮ್ಮ?" ಅಂದರು.

ಆಚೆ ಬಂದು ಬೆಂಚಿನ ಮೇಲೆ ಕೂತೆ. ಕ್ಯಾನ್ಸರ್ ಇರಬೇಕು ಎಂದೇ ನನ್ನ ಮನಸ್ಸಿಗೆ ಬಂತು. ಬೇರೆ ಯಾವ ಕಾರಣಕ್ಕೆ ಸೊಸೆಯನ್ನು ಆಚೆ ಕಳಿಸುತ್ತಾರೆ? ಗಂಡನಿಗೆ ಫೋನ್ ಮಾಡಲೆಂದು ತೆಗೆದು ಮತ್ತೆ ಬ್ಯಾಗಿಗೆ ಹಾಕಿದೆ. ಏನೆಂದು ಹೇಳುವುದು? ಅಷ್ಟರಲ್ಲಿ ಒಳಗಿನಿಂದ ಕರೆದರು.

ಅತ್ತೆ ಅಳುತ್ತಿದ್ದರು. ನಾನು ಮದುವೆಯಾಗಿ ಬಂದ ಹದಿನಾಲ್ಕು ವರ್ಷಗಳಲ್ಲಿ, ಮಾವ ತೀರಿಕೊಂಡ ದಿನ ಬಿಟ್ಟರೆ, ನಾನು ಅವರ ಕಣ್ಣೀರು ಕಂಡಿರಲಿಲ್ಲ. ಡಾಕ್ಟರು ಕೊಟ್ಟ ಹತ್ತಿಯ ತುಂಡಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಬಿಳಿ ಹತ್ತಿಯ ಮೇಲೂ ತೆಳುವಾಗಿ ಕೇಸರಿ ಬಣ್ಣ. ಕಣ್ಣೀರಿಗೂ ಬಣ್ಣವಿರುತ್ತದೆಯೇ?

ಅತ್ತೆ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿಕೊಂಡೇ ಹೇಳಿದರು: "ನಂಗೆ ಟಿಬಿ ಕಣಮ್ಮಿ."

ನನಗೆ ಮಾತು ಅರ್ಥವಾಗಲೇ ಇಲ್ಲ. ಯಾರಿಗೆ, ಎಂದು ಕೇಳಿದೆನಂತೆ. ಡಾಕ್ಟರು ಕುರ್ಚಿ ಎಳೆದು ನನ್ನನ್ನು ಕೂರಿಸಿ ನಿಧಾನವಾಗಿ ವಿವರಿಸಿದರು. ಕ್ಷಯಕ್ಕೆ ಕೊಡುವ ಮಾತ್ರೆಗಳಲ್ಲಿ ಒಂದಕ್ಕೆ ಆ ಗುಣವಿದೆ. ಮೂತ್ರ, ಬೆವರು, ಕಣ್ಣೀರು ಎಲ್ಲವನ್ನೂ ಕೇಸರಿಗೆ ತಿರುಗಿಸುತ್ತದೆ. ಅದರಿಂದ ತೊಂದರೆಯಿಲ್ಲ, ಮಾತ್ರೆ ಒಳಗೆ ಹೋಗುತ್ತಿದೆ ಎನ್ನುವುದಕ್ಕೆ ಗುರುತು ಅಷ್ಟೇ. ಎಷ್ಟು ನೀರು ಕುಡಿದರೂ ಆ ಬಣ್ಣ ಪೂರ್ತಿ ಹೋಗುವುದಿಲ್ಲ.

"ಕುಣಿಗಲ್ ಹತ್ರ ಸೊಪ್ಪಿನ ರಸ ಕುಡಿಸೋಣ ಅಂತಿದ್ವಿ ಡಾಕ್ಟ್ರೇ" ಅಂದೆ.

ಡಾಕ್ಟರಿಗೆ ಗಾಬರಿಯಾಯಿತು. "ಸದ್ಯ! ಈ ಮಾತ್ರೆಗಳೇ ಲಿವರ್‌ಗೆ ಭಾರ. ಅದರ ಮೇಲೆ ಯಾವ್ದೋ ಸೊಪ್ಪು ಹಾಕಿದ್ರೆ ಇಲ್ಲದ ಕಾಮಾಲೆ ನಿಜವಾಗ್ಲೂ ಬಂದ್ಬಿಡ್ತಿತ್ತು. ಮಾತ್ರೆ ಮಾತ್ರ ಒಂದು ದಿನಾನೂ ಬಿಡಬೇಡಿ ಅಜ್ಜಿ."

ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು. "ಮನೇಲಿ ಚಿಕ್ಕ ಮಕ್ಕಳು ಯಾರಾದ್ರೂ ಇದಾರಾ?"

ಆಟೋದಲ್ಲಿ ವಾಪಸ್ ಬರುವಾಗ ಅತ್ತೆ ಒಂದೊಂದೇ ಹೇಳಿದರು. ಚಳಿಗಾಲದಲ್ಲಿ ಕೆಮ್ಮು, ಸಂಜೆಯಾದರೆ ಜ್ವರ. ನಾವದನ್ನು ಧೂಳಿನ ಅಲರ್ಜಿ ಎಂದುಕೊಂಡಿದ್ದೆವು. ಮೆಡಿಕಲ್ ಶಾಪಿನ ಸಿರಪ್ ತಂದುಕೊಟ್ಟಿದ್ದೆವು. ಸಂಕ್ರಾಂತಿಗೆಂದು ಗುಬ್ಬಿಗೆ ಹೋದಾಗ ಮಗಳು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದ್ದಳು. ಅಲ್ಲೇ ಮಾತ್ರೆ ಶುರುವಾಯಿತು. ಮಗಳ ಮನೆಯಲ್ಲಿ ಒಂದು ತಿಂಗಳಿದ್ದು, ಕೆಮ್ಮು ನಿಂತ ಮೇಲೆ ಇಲ್ಲಿಗೆ ಬಂದಿದ್ದರು. ಆಮೇಲೆ "ಮಗಳನ್ನ ನೋಡ್ಕೊಂಡು ಬರ್ತೀನಿ" ಎಂದು ತಿಂಗಳಿಗೊಮ್ಮೆ ಬಸ್ ಹತ್ತುತ್ತಿದ್ದುದು ಮಾತ್ರೆಗೆ. ಬೆಳಿಗ್ಗೆ ದೇವರ ಮನೆಯ ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು ಪೂಜೆ ಮಾಡುತ್ತಿದ್ದುದೂ ಮಾತ್ರೆಗೇ. ಖಾಲಿ ಹೊಟ್ಟೆಯಲ್ಲಿ ನುಂಗಬೇಕಿತ್ತಂತೆ.

"ನಮ್ಮನೆ ಅಡ್ರೆಸ್ ಕೊಡ್ಲಿಲ್ವಾ ಅತ್ತೆ? ಅವ್ರು ಮನೇಲಿರೋರ್ನೆಲ್ಲ ಕರ್ಸಿ ನೋಡ್ತಾರಂತಲ್ಲ?"

"ನಿಮ್ಮತ್ತಿಗೆ ಅವ್ಳ ಮನೆ ಅಡ್ರೆಸ್ಸೇ ಬರ್ಸಿದ್ಲು. ಅಮ್ಮ ನನ್ನ ಜೊತೇನೆ ಇರೋದು ಅಂತ."

ಹಾಗಾದರೆ ಚಳಿಗಾಲ ಪೂರ್ತಿ ಆ ಕೆಮ್ಮಿನ ಪಕ್ಕದಲ್ಲಿ, ಅದೇ ದುಪ್ಪಟಿಯೊಳಗೆ ಮಲಗಿದ್ದ ನನ್ನ ಮಗಳನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಮಾಡಬೇಕೆಂದು ನಮಗೆ ಯಾರೂ ಹೇಳಿಯೂ ಇರಲಿಲ್ಲ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಮಗುವಿನ ಎರಡು ಜೊತೆ ಬಟ್ಟೆ ತುಂಬಿಕೊಂಡೆ. ಗಂಡ ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದರು. "ನಿಮ್ಮಮ್ಮನ್ನೇ ಕೇಳಿ" ಎಂದು ಕುಣಿಗಲ್ ಬಸ್ ಹತ್ತಿಬಿಟ್ಟೆ. ಬಸ್ಸಿನಲ್ಲಿ ಮಗು ಒಂದು ಸಲ ಸೀನಿತು. ಆ ಸೀನಿಗೆ ನಾನು ಅವಳನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡೆನೆಂದರೆ ನೋವಾಗಿ ಅತ್ತುಬಿಟ್ಟಳು.

ತವರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅಣ್ಣನ ಇಬ್ಬರು ಮಕ್ಕಳು. ಅಣ್ಣ ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಮದುವೆಗೆಂದು ಹೋಗಿದ್ದರು, ಸಂಜೆ ಬರುವವರಿದ್ದರು. ಅಮ್ಮನೊಬ್ಬಳೇ ಇದ್ದಳು. ನನ್ನ ಮುಖ ನೋಡಿದವಳೇ, "ಯಾಕೆ, ಜಗಳ ಆಡ್ಕೊಂಡು ಬಂದ್ಯಾ?" ಅಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಎಂಥಾ ಹೆಂಗ್ಸು ಅದು! ಹಸುಗೂಸು ಮನೇಲಿ ಮಡಿಕ್ಕೊಂಡು!" ಎಂದು ಶಾಪ ಹಾಕಿದಳು. ನನಗೆ ಸಮಾಧಾನವಾಯಿತು. ನನ್ನ ಕಡೆಯವರು ಒಬ್ಬರಾದರೂ ಸಿಕ್ಕರಲ್ಲ ಎನಿಸಿತು.

ಮುಖ ತೊಳೆದು ಬಂದೆ. ಅಮ್ಮ ಕಾಫಿ ಕೊಟ್ಟಳು, ಮಗುವಿಗೆ ಹಾಲು ಕೊಟ್ಟಳು. ಕುಡಿದ ಲೋಟಗಳನ್ನು ಸಿಂಕಿಗೆ ಹಾಕಲು ಹೋದೆ.

"ಅಲ್ಲಿ ಬೇಡ" ಅಂದಳು ಅಮ್ಮ. "ಹಿತ್ತಲ ಕಲ್ಲಿನ ಮೇಲೆ ಇಡು. ಬೇರೆ ತೊಳ್ಕೊಳನ."

ನಾನು ಲೋಟ ಹಿಡಿದು ನಿಂತೆ. ಆಗ ಗಮನಿಸಿದೆ. ನಾವು ದಿನಾ ಕಾಫಿ ಕುಡಿಯುವ ಸ್ಟೀಲ್ ಲೋಟಗಳಲ್ಲ ಅವು. ಆಳುಗಳು ಬಂದಾಗ ಕೊಡಲೆಂದು ಹೊರಗಿನ ಗೂಡಿನಲ್ಲಿ ಇಟ್ಟಿರುತ್ತಿದ್ದ, ಅಂಚು ಸೊಟ್ಟಗಾದ ಲೋಟಗಳು. ಒಂದು ನನ್ನ ಕೈಯಲ್ಲಿ, ಇನ್ನೊಂದು ನನ್ನ ಮಗಳ ಕೈಯಲ್ಲಿ.

"ಅಮ್ಮಾ..."

"ತಪ್ ತಿಳ್ಕೋಬೇಡ ಕಣೇ. ನಿಮ್ಮಣ್ಣನ ಮಕ್ಳು ಅವ್ರೆ ಮನೇಲಿ. ಟೆಸ್ಟ್ ಆಗೋಗಂಟ ಅಷ್ಟೇ" ಅಂದಳು. ಅವಳು ಕೆಟ್ಟವಳಲ್ಲ. ಮಗು ಹತ್ತಿರ ಓಡಿ ಬಂದಾಗ ಎತ್ತಿಕೊಳ್ಳಲು ಕೈ ಚಾಚಿದಳು. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಮಗು ಅಜ್ಜಿಯ ಮುಖವನ್ನೇ ನೋಡುತ್ತ ಕೈ ಮೇಲೆತ್ತಿಕೊಂಡೇ ನಿಂತಿತ್ತು.

ಕ್ಲಿನಿಕ್ಕಿನಲ್ಲಿ ಆದ ಆಘಾತ ದೊಡ್ಡದೆಂದುಕೊಂಡಿದ್ದೆ. ಇದರ ಮುಂದೆ ಅದು ಏನೂ ಅಲ್ಲ. ನನ್ನ ಹೆತ್ತ ತಾಯಿ, ನಾನು ಹುಟ್ಟಿ ಬೆಳೆದ ಮನೆ. ಮಧ್ಯಾಹ್ನದ ಊಟವನ್ನು ಹಿತ್ತಲಿನ ಕಟ್ಟೆಯ ಮೇಲೆ ಕೂತು ಮಾಡಿದೆವು. ಆಗಲೇ ಅತ್ತೆ ತೊಳೆದು ಬೋರಲು ಹಾಕಿಕೊಳ್ಳುತ್ತಿದ್ದ ಆ ಒಂದು ತಟ್ಟೆ, ಆ ಒಂದು ಲೋಟ ಕಣ್ಣಿಗೆ ಬಂದವು. ನಮ್ಮ ಮನೆಯಲ್ಲಿ ಅವರನ್ನು ಯಾರೂ ಬೇರೆ ಇಟ್ಟಿರಲಿಲ್ಲ. ಅವರೇ ಇಟ್ಟುಕೊಂಡಿದ್ದರು. ಮಗುವನ್ನು ಪಕ್ಕದಿಂದ ಎಬ್ಬಿಸಿ ಕಳಿಸಿ, ಬಾಗಿಲ ಆಚೆ ಅದು ಅಳುವುದನ್ನು ಕೇಳುತ್ತ ಒಳಗೆ ಒಬ್ಬರೇ ಮಲಗಿದ್ದರು. ನಾನದನ್ನು ಮುನಿಸು ಎಂದಿದ್ದೆ.

ಆದರೂ ಸಿಟ್ಟು ಹೋಗಿರಲಿಲ್ಲ. ಸಿಟ್ಟು, ಸಂಕಟ ಎರಡನ್ನೂ ಹೊತ್ತುಕೊಂಡೇ, ಅಣ್ಣನವರು ಬರುವ ಮೊದಲು ತುಮಕೂರಿನ ಬಸ್ ಹತ್ತಿದೆ. ಅಮ್ಮ ಬಸ್ ನಿಲ್ದಾಣದ ತನಕ ಬಂದಳು. ತಡೆಯಲಿಲ್ಲ.

ಮನೆಯಲ್ಲಿ ಆಗಲೇ ದೊಡ್ಡ ಗಲಾಟೆ. ಗಂಡ ಫೋನ್ ಮಾಡಿದ್ದಕ್ಕೆ ಗುಬ್ಬಿಯಿಂದ ಅವರ ಅಕ್ಕ ಓಡಿ ಬಂದಿದ್ದರು. ಅಕ್ಕ ತಮ್ಮ ಇಬ್ಬರೂ ನಡುಮನೆಯಲ್ಲಿ ನಿಂತು ಕೂಗಾಡುತ್ತಿದ್ದರು.

"ನನ್ನ ಮಗು ಅಲ್ಲಿ ಮಲಗ್ತಿತ್ತು ಅಂತ ನಿಂಗೆ ಗೊತ್ತಿರ್ಲಿಲ್ವಾ? ಒಂದು ಫೋನ್ ಮಾಡಕ್ಕೆ ಏನಾಗಿತ್ತು ನಿಂಗೆ?" ಎಂದು ನನ್ನ ಗಂಡ.

"ಅಮ್ಮ ಆಣೆ ಹಾಕ್ಸಿದ್ಲು ಕಣೋ! ಹೇಳಿದ್ರೆ ಮಾತ್ರೆ ನುಂಗಲ್ಲ ಅಂತ ಕೂತಿದ್ಲು. ನಾನೇನ್ ಮಾಡ್ಲಿ? ಸಾಯಕ್ಕೆ ಬುಡ್ಲಾ?" ಎಂದು ಅವರ ಅಕ್ಕ.

ಅತ್ತೆ ಮೂಲೆಯಲ್ಲಿ ಮಂಡಿ ಮಡಚಿಕೊಂಡು ಕೂತಿದ್ದರು. ಮಗು ನನ್ನ ಕೈ ಬಿಡಿಸಿಕೊಂಡು ಅವರ ಕಡೆ ಓಡಿತು. ಅವರು ಗಾಬರಿಯಿಂದ ಎದ್ದು ಹಿಂದೆ ಸರಿದು, "ಬ್ಯಾಡ ಕಂದಾ, ಬ್ಯಾಡ, ಅಮ್ಮನ ಹತ್ರ ಹೋಗು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೂಗಾಟ ಅಲ್ಲಿಗೆ ನಿಂತಿತು.

"ಯಾಕೆ ಅತ್ತೆ ಹಿಂಗ್ ಮಾಡಿದ್ರಿ?" ಎಂದೆ. "ನಾವೇನು ನಿಮ್ಮನ್ನ ಆಚೆ ಹಾಕ್ತಿದ್ವಾ?"

ಅವರು ಮಾತು ಶುರು ಮಾಡಿದಾಗ ಅದು ನಮಗೆ ಹೇಳಿದಂತಿರಲಿಲ್ಲ.

"ನಮ್ಮಕ್ಕಂಗೆ ಕ್ಷಯ ಆಗಿತ್ತು. ಮದ್ವೆ ಆಗಿ ವರ್ಷ ಆಗಿರ್ಲಿಲ್ಲ, ಗಂಡನ ಮನೆಯೋರು ತಂದು ಬುಟ್ಟೋದ್ರು. ನಮ್ಮಪ್ಪ ಹೊಲದ ಬದೀಲಿ ಒಂದು ಗುಡ್ಲು ಹಾಕ್ಕೊಟ್ಟ. ಊಟ ನಾನೇ ತಗೊಂಡೋಗ್ತಿದ್ದೆ. ತಟ್ಟೆ ಕೊಡಂಗಿರ್ಲಿಲ್ಲ. ಕರಟ. ಒಂದು ಕರಟದಾಗೆ ಮುದ್ದೆ, ಇನ್ನೊಂದ್ರಾಗೆ ಸಾರು. ದೂರ್ದಲ್ಲಿ ಮಡಗಿ ಓಡ್ಬರ್ಬೇಕು. ಅಕ್ಕ ಕರೆಯಾಳು, ಬಾರೇ ಒಂಚೂರು ಮಾತಾಡು ಬಾರೇ ಅಂತ. ನಾನು ಹಿಂದಕ್ಕೆ ತಿರುಗಿ ನೋಡ್ದಂಗೆ ಓಡ್ತಿದ್ದೆ. ಒಂದಿನ ಹೋದಾಗ ಹಿಂದಿನ ದಿನದ ಕರಟ ಹಂಗೇ ಇತ್ತು. ಇರುವೆ ಮುತ್ಕೊಂಡಿದ್ವು."

ಇಂಥ ಒಬ್ಬ ದೊಡ್ಡಮ್ಮ ಇದ್ದಳೆಂದೇ ನನ್ನ ಗಂಡನಿಗೂ ಅವರ ಅಕ್ಕನಿಗೂ ಗೊತ್ತಿರಲಿಲ್ಲ.

"ಗುಬ್ಬಿ ಆಸ್ಪತ್ರೇಲಿ ಆ ನರ್ಸಮ್ಮ ಹೇಳುದ್ಲು, ಈಗ ಹಂಗೆಲ್ಲ ಇಲ್ಲ, ಆರು ತಿಂಗ್ಳು ಮಾತ್ರೆ ನುಂಗುದ್ರೆ ವಾಸಿ ಆಯ್ತದೆ ಅಂತ. ಅವ್ಳ ಮಾತು ನಂಬ್ದೆ. ನಿಮ್ಮನ್ನ ನಂಬಕ್ಕೆ ಆಗ್ಲಿಲ್ಲ" ಅಂದರು ಅತ್ತೆ. ಮಗುವಿನ ಕಡೆ ನೋಡಿ, "ಮಗೀಗೆ ಏನಾದ್ರೂ ಆದ್ರೆ ನಾನು ಈ ಮನೇಲಿ ಇರಕಿಲ್ಲ" ಅಂದರು.

ಮರುದಿನ ಎಲ್ಲರೂ ಗುಬ್ಬಿಗೆ ಹೋದೆವು. ಅತ್ತೆಯ ಚಿಕಿತ್ಸೆ ಶುರುವಾದ ಆಸ್ಪತ್ರೆಯಲ್ಲೇ ವಿಳಾಸ ಸರಿಪಡಿಸಿ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲು. ಗುಬ್ಬಿಯ ಅತ್ತಿಗೆ ತಲೆ ತಗ್ಗಿಸಿಕೊಂಡು ನಿಂತಿದ್ದರು. ಅಲ್ಲಿಯ ಸಿಬ್ಬಂದಿ ಬೈಯುತ್ತಾರೆಂದು ನಾನು ಕಾದಿದ್ದೆ. ಯಾರೂ ಬೈಯಲಿಲ್ಲ. "ತುಂಬಾ ಜನ ಹಿಂಗೇ ಮಾಡ್ತಾರೆ" ಎಂದು ಹೇಳಿ ಕೆಲಸ ಶುರು ಮಾಡಿದರು. ಅದು ಇನ್ನೊಂದು ಆಘಾತ. ತುಂಬಾ ಜನ! ಅಂದರೆ ನಮ್ಮ ಬೀದಿಯಲ್ಲಿ, ನನ್ನ ಶಾಲೆಯಲ್ಲಿ, ನಾನು ದಿನಾ ಹತ್ತುವ ಬಸ್ಸಿನಲ್ಲಿ, ಬಾಗಿಲು ಹಾಕಿಕೊಂಡು ಮಾತ್ರೆ ನುಂಗುವವರು ಇನ್ನೆಷ್ಟು ಜನ ಇದ್ದಾರೆ?

ಮಗುವಿನ ಎಕ್ಸ್‌ರೇ ತೆಗೆಯುವಾಗ ಅವಳನ್ನು ಅಲ್ಲಾಡದಂತೆ ಹಿಡಿದುಕೊಂಡವರು ನನ್ನ ಗಂಡ. ನಾನು ಆಚೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಅತ್ತೆ ದೂರದಲ್ಲಿ ಮಾಸ್ಕ್ ಹಾಕಿಕೊಂಡು ಒಂದು ಹೊಂಗೆ ಮರದ ಕೆಳಗೆ ನಿಂತು, ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಫಲಿತಾಂಶಗಳೆಲ್ಲ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮಗು ಕೆಮ್ಮಿದರೆ ಮೂವರೂ ಒಟ್ಟಿಗೆ ತಿರುಗಿ ನೋಡುತ್ತಿದ್ದೆವು.

ಮಗುವಿಗೆ ಕಾಯಿಲೆ ಬಂದಿರಲಿಲ್ಲ. ನಮಗಿಬ್ಬರಿಗೂ ಇರಲಿಲ್ಲ. ಆದರೂ ಅಷ್ಟು ಹತ್ತಿರ ಮಲಗಿದ್ದ ಚಿಕ್ಕ ಮಗುವಾದ್ದರಿಂದ, ಮುಂದೆ ಬಾರದಿರಲೆಂದು ಅವಳಿಗೂ ಕೆಲವು ತಿಂಗಳು ದಿನಾ ಮಾತ್ರೆ ಕೊಡಬೇಕೆಂದರು. ಅತ್ತೆಯ ಕಫದಲ್ಲಿ ಈಗ ಏನೂ ಕಾಣುತ್ತಿಲ್ಲ, ಅವರಿಂದ ಇನ್ನು ಹೆದರಿಕೆಯಿಲ್ಲ, ಬೇರೆ ತಟ್ಟೆ ಲೋಟ ಯಾವತ್ತೂ ಬೇಕಿರಲಿಲ್ಲ, ಅದು ತಟ್ಟೆಯಿಂದ ಹರಡುವ ಕಾಯಿಲೆಯೇ ಅಲ್ಲ ಎಂದರು. ಆ ಮಾತು ಕೇಳಿ ಅತ್ತೆ ಪೆಚ್ಚಾದರು. "ತಟ್ಟೆಯಿಂದ ಬರಕಿಲ್ವಾ?" ಎಂದು ಎರಡು ಸಲ ಕೇಳಿದರು. ಅವರು ಯಾರಿಗೆ ಕೊಡದ ತಟ್ಟೆಯನ್ನು ನೆನೆಸಿಕೊಂಡು ಕೇಳಿದರೆಂದು ನನಗೆ ಗೊತ್ತಿತ್ತು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ನನ್ನ ಗಂಡ ತಮ್ಮ ಅಕ್ಕನ ಜೊತೆ ಗೌರಿ ಹಬ್ಬದವರೆಗೂ ಮಾತಾಡಲಿಲ್ಲ. ನಾನೂ ತವರಿಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದ್ದೆ. ಅಮ್ಮನೇ ಒಂದು ದಿನ ಚಕ್ಕುಲಿ ಮಾಡಿಕೊಂಡು ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅತ್ತೆಯ ಎದುರು ಕೂತು ಕಾಫಿ ಕುಡಿದಳು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಕಾಯಿಲೆಯ ವಿಷಯ ಬೀದಿಗೆ ಗೊತ್ತಾಗಿದ್ದು ಅತ್ತೆಯಿಂದಲೇ. ಆರೋಗ್ಯ ಇಲಾಖೆಯಿಂದ ಒಬ್ಬರು ವಿಚಾರಿಸಿಕೊಂಡು ಹೋಗಲು ಮನೆಗೆ ಬಂದಿದ್ದರು. ಅವರು ಹೋದ ಮೇಲೆ ಪಕ್ಕದ ಮನೆಯಾಕೆ ಕಾಂಪೌಂಡಿನ ಹತ್ತಿರ ಬಂದು, "ಯಾರ್ರೀ ಬಂದಿದ್ದು? ಕಾಮಾಲೆ ವಾಸಿ ಆಯ್ತಾ?" ಎಂದು ಕೇಳಿದಳು. ನಾನು ಏನೋ ಒಂದು ಸುಳ್ಳು ಹುಡುಕುತ್ತಿದ್ದೆ. ಒಳಗಿನಿಂದ ಅತ್ತೆ ಗಟ್ಟಿಯಾಗಿ ಹೇಳಿದರು: "ಕಾಮಾಲೆ ಅಲ್ಲ ಕಣವ್ವ. ಟಿಬಿ. ಮಾತ್ರೆ ನುಂಗ್ತಾ ಇವ್ನಿ."

ಆಕೆ ಅಲ್ಲೇ ಎರಡು ಹೆಜ್ಜೆ ಹಿಂದೆ ಸರಿದಳು. ಅವತ್ತಿನಿಂದ ಅವರ ಮನೆಯ ಸಾರಿನ ಬಟ್ಟಲು ನಮ್ಮ ಮನೆಗೆ ಬರುವುದು ನಿಂತಿತು. ಹೆಪ್ಪಿಗೆ ಮೊಸರು ಕೇಳಲೂ ಬರಲಿಲ್ಲ. ಅತ್ತೆ ಮೊದಲೇ ಹೇಳಿದ್ದೆನಲ್ಲ ಎನ್ನುವ ಹಾಗೆ ನನ್ನನ್ನು ಒಂದು ಸಲ ನೋಡಿದರು, ಅಷ್ಟೇ.

ಮಳೆ ಶುರುವಾಗಿ ಒಂದಷ್ಟು ದಿನ ಕಳೆದಿತ್ತು. ಅತ್ತೆಯ ಮಾತ್ರೆ ಮುಗಿದಿತ್ತು, ಕಫ ಪರೀಕ್ಷೆ ಮತ್ತೊಮ್ಮೆ ಆಗಿ ಏನೂ ಇಲ್ಲವೆಂದು ಬಂದಿತ್ತು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಪಕ್ಕದ ಮನೆಯಾಕೆ ಗೇಟಿನ ಬಳಿ ನಿಂತಿದ್ದಳು. ಒಳಗೆ ಬರಲೋ ಬೇಡವೋ ಎನ್ನುವಂತೆ ಸೆರಗು ಹಿಂಡುತ್ತಿದ್ದಳು.

"ನಿಮ್ಮತ್ತೆ ಅವ್ರಾ? ನಮ್ಮ ಯಜಮಾನ್ರಿಗೆ ಒಂದು ತಿಂಗ್ಳಿಂದ ಕೆಮ್ಮು ಬಿಟ್ಟಿಲ್ಲ. ಮೈ ಇಳ್ದೋಗೈತೆ. ಯಾರಿಗೂ ಹೇಳ್ಬೇಡ ಅಂತಾರೆ. ನಿಮ್ಮತ್ತೆ ಯಾವ ಆಸ್ಪತ್ರೆಗೆ..." ಎನ್ನುತ್ತ ಅತ್ತುಬಿಟ್ಟಳು.

ಆ ಬಟ್ಟಲು, ಆ ಮೊಸರು ನನ್ನ ಮನಸ್ಸಿನಲ್ಲಿದ್ದವು. ಅಷ್ಟರಲ್ಲಿ ಅತ್ತೆ ತಲೆ ಬಾಚಿಕೊಳ್ಳುತ್ತಿದ್ದವರು ಹೊರಗೆ ಬಂದರು. ಗಂಟು ಹಾಕಿಕೊಳ್ಳುತ್ತಲೇ ಕೇಳಿಸಿಕೊಂಡಿದ್ದರು.

"ಅಳ್ತಾ ನಿಂತ್ರೆ ಏನ್ ಬಂತು? ಅವ್ರಿಗೆ ಶರ್ಟ್ ಹಾಕ್ಕೊಳಕ್ಕೆ ಹೇಳು. ಇಲ್ಲೇ ತುಮಕೂರ್ನಲ್ಲೇ ದೊಡ್ಡಾಸ್ಪತ್ರೆ ಐತೆ, ನಾನೇ ಕರ್ಕೊಂಡೋಯ್ತೀನಿ ನಡಿ" ಎಂದವರೇ ಚಪ್ಪಲಿ ಮೆಟ್ಟಿಕೊಂಡರು.

ಅವರು ಮೂವರೂ ಒಂದೇ ಆಟೋದಲ್ಲಿ ಕೂತು ಹೋದದ್ದನ್ನು ನಾನು ಗೇಟು ಹಿಡಿದುಕೊಂಡು ನೋಡಿದೆ. ಶಾಲೆಗೆ ತಡವಾಗುತ್ತಿದೆ ಎನ್ನುವುದೂ ಮರೆತುಹೋಗಿತ್ತು. ಮಧ್ಯಾಹ್ನ ಬಂದು ನೋಡಿದರೆ ಅತ್ತೆ ಆಗಲೇ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಏನಂದ್ರು ಅತ್ತೆ?"

"ಕಫ ತಗೊಂಡವ್ರೆ, ನಾಳೆ ಹೇಳ್ತಾರಂತೆ. ನಂಗೇನೋ ಬೀಡಿ ಕೆಮ್ಮೇ ಇರ್ಬೇಕು ಅನ್ಸುತ್ತೆ" ಅಂದರು. ಆಮೇಲೆ ಸೊಪ್ಪಿನ ಮೊರದಿಂದ ತಲೆಯೆತ್ತದೆ, "ಅಲ್ಲಿ ಸಾಲ್ನಾಗೆ ಒಂದು ಎಳೇ ಹುಡ್ಗಿ ಇದ್ಲು ಕಣಮ್ಮಿ, ಒಬ್ಳೇ ಬಂದಿದ್ಲು. ನಾಳೆ ಹೋದಾಗ ಮಾತಾಡುಸ್ಬೇಕು" ಅಂದರು.